ಹೊಟ್ಟೆ ತಣ್ಣಗಾದರೆ ಸಾಲದು: ಕರುಳಿನ ಉರಿಯೂತಕ್ಕೆ ಯಾವ ಪರೀಕ್ಷೆ, ಯಾವ ಔಷಧ, ಯಾವ ಊರು?

ಮೂಲವ್ಯಾಧಿ ಎಂದುಕೊಂಡು ಎರಡು ವರ್ಷ ಔಷಧ ಮಾಡಿದೆ. ನನಗೆ ಮೂಲವ್ಯಾಧಿ ಇರಲೇ ಇಲ್ಲ.

ಸಂಡಾಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ಮುಲಾಮು ಕೊಟ್ಟರು, ಹಚ್ಚಿಕೊಂಡೆ. ಸುವರ್ಣಗಡ್ಡೆ ಒಳ್ಳೆಯದು ಎಂದರು. ಆ ವರ್ಷವಿಡೀ ಮನೆಯಲ್ಲಿ ಪಲ್ಯವೂ ಅದರದ್ದೇ, ಹುಳಿಯೂ ಅದರದ್ದೇ. ನಾಲ್ಕು ದಿನ ಆರಾಮ, ಮತ್ತೆ ಶುರು. ಕೊನೆಗೆ ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ, ಅಟ್ಟದ ಮೇಲೆ ಅಡಿಕೆ ಹರವುತ್ತಿದ್ದವನು ದಿನಕ್ಕೆ ಎಂಟು ಸಲ ಏಣಿ ಇಳಿದು ಓಡುವ ಹಾಗಾಯಿತು. ಆಗ ಕೊಲೊನೊಸ್ಕೋಪಿ, ಅಂದರೆ ಗುದದ ಮೂಲಕ ಕ್ಯಾಮೆರಾದ ಪೈಪು ಹಾಕಿ ಕರುಳು ನೋಡುವ ಪರೀಕ್ಷೆ ಮಾಡಿಸಿದೆವು. ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರನ್ನು ಅವತ್ತೇ ಮೊದಲು ಕೇಳಿದ್ದು.

ಅದಾಗಿ ಒಂಬತ್ತು ವರ್ಷ. ಈಗ ಸಿದ್ದಾಪುರದಿಂದಲೂ ಹೊನ್ನಾವರದಿಂದಲೂ ಯಾರ್ಯಾರೋ ಫೋನ್ ಮಾಡುತ್ತಾರೆ. ‘ತಮ್ಮಾ, ನಮ್ಮ ಮಾವನಿಗೆ ಹೊಟ್ಟೆ ಸರಿಯಿಲ್ಲ. ಎಲ್ಲಿಗೆ ಕರಕೊಂಡು ಹೋಗೋದು? ಹುಬ್ಬಳ್ಳಿಗೋ, ಮಣಿಪಾಲಕ್ಕೋ?’ ನಾನು ಡಾಕ್ಟರಲ್ಲ, ಅಡಿಕೆ ತೋಟದವ. ಔಷಧ ಬರೆದುಕೊಡುವುದು ಡಾಕ್ಟರ ಕೆಲಸ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದನ್ನು ಸ್ವಲ್ಪ ಕಲಿತಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಔಷಧವನ್ನು ಅಳೆಯಲು ಇರುವುದು ಒಂದೇ ಪ್ರಶ್ನೆ: ‘ಈಗ ಆರಾಮಾ?’ ಆರಾಮ ಅಂದರೆ ಔಷಧ ಸರಿ, ಡಾಕ್ಟರ ಕೈಗುಣ ಒಳ್ಳೆಯದು. ಈ ಕಾಯಿಲೆಯಲ್ಲಿ ಆ ಪ್ರಶ್ನೆ ಮೋಸ ಮಾಡುತ್ತದೆ. ಬೇಧಿ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ಒಳಗೆ ಹುಣ್ಣು ಹಾಗೆಯೇ ಇರುತ್ತದೆ. ಜಗತ್ತಿನ ತಜ್ಞರು ಸೇರಿ 2021ರಲ್ಲಿ ಹೊರತಂದ ಸ್ಟ್ರೈಡ್-2 ಶಿಫಾರಸುಗಳೂ ಇದನ್ನೇ ಹೇಳುತ್ತವೆ. ರೋಗಿಗೆ ಹಾಯೆನಿಸುವುದು ಮೊದಲ ಮೆಟ್ಟಿಲು ಅಷ್ಟೇ, ಕರುಳಿನ ಒಳಪದರದ ಹುಣ್ಣು ಮಾಯಬೇಕು. ಹಾಗಾಗಿ ಮುಂದೆ ಏನನ್ನು ಹೋಲಿಸಿದರೂ ನಾನು ನೋಡುವುದು ಒಂದನ್ನೇ. ಇದು ಹುಣ್ಣನ್ನು ತೋರಿಸುತ್ತದಾ, ಮಾಯಿಸುತ್ತದಾ, ಅಥವಾ ಸುಮ್ನೆ ಆರಾಮ ಕೊಡುತ್ತದಾ?

ಊರಿಗಿಂತ ಮೊದಲು ಕಾಯಿಲೆಯ ಹೆಸರು

ಐಬಿಎಸ್ ಮತ್ತು ಐಬಿಡಿ. ಕೇಳಲು ಒಂದೇ ಅಕ್ಷರದ ವ್ಯತ್ಯಾಸ, ಆದರೆ ಎರಡೂ ಬೇರೆ ಬೇರೆ. ಐಬಿಎಸ್‌ನಲ್ಲಿ ಹೊಟ್ಟೆ ನೋಯುತ್ತದೆ, ಉಬ್ಬರಿಸುತ್ತದೆ, ಒಮ್ಮೆ ಬೇಧಿ ಒಮ್ಮೆ ಮಲಬದ್ಧತೆ. ಕಷ್ಟವೇ, ಆದರೆ ಕರುಳಿನಲ್ಲಿ ಹುಣ್ಣಿರುವುದಿಲ್ಲ. ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ, ತಾನಾಗಿ ಇಳಿಯುವ ತೂಕ, ಬಿಡದ ಸಣ್ಣ ಜ್ವರ, ರಕ್ತಹೀನತೆ. ಇವುಗಳಲ್ಲಿ ಯಾವುದಿದ್ದರೂ ‘ಗ್ಯಾಸು, ಟೆನ್ಶನ್ನು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಐಬಿಡಿ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ನಮ್ಮ ಕಡೆ ಮಳೆಗಾಲದಲ್ಲಿ ಮಣ್ಣಿನ ಗೋಡೆಗೆ ತೇವ ಏರುತ್ತದಲ್ಲ, ಹಾಗೆ. ಬುಡದಿಂದ, ಅಂದರೆ ಗುದನಾಳದಿಂದ ಶುರುವಾಗಿ ನಡುವೆ ಜಾಗ ಬಿಡದೆ ಮೇಲಕ್ಕೆ ಹೋಗುತ್ತದೆ. ದೊಡ್ಡ ಕರುಳು ಬಿಟ್ಟು ಆಚೆ ಹೋಗುವುದಿಲ್ಲ. ಕೆಡುವುದು ಗಿಲಾಯಿ ಮಾತ್ರ, ಅಂದರೆ ಒಳಪದರ. ಕ್ರೋನ್ಸ್ ಕಾಯಿಲೆ ತೊಲೆಗೆ ಗೆದ್ದಲು ಹಿಡಿದ ಹಾಗೆ. ಇಲ್ಲೊಂದು ಕಡೆ, ಅಲ್ಲೊಂದು ಕಡೆ, ನಡುವೆ ಚೆನ್ನಾಗಿರುವ ಜಾಗ. ಆದರೆ ಹಿಡಿದಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುತ್ತದೆ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಕರುಳು ಕಿರಿದಾಗುವುದು, ಗುದದ ಹತ್ತಿರ ಫಿಸ್ಟುಲಾ ಎಂಬ ಸುರಂಗದಂಥ ತೂತಾಗಿ ಕೀವು ಬರುವುದು ಇದರಲ್ಲೇ ಜಾಸ್ತಿ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಮೂವರೂ ಸೇರಿ ಇದರ ಬಗ್ಗೆ ಬರೆದರು. ಹೆಸರು ಉಳಿದದ್ದು ಕ್ರೋನ್‌ ಅವರದ್ದೊಂದೇ. ಪಾಪ, ಉಳಿದಿಬ್ಬರು!

ಈ ಎರಡರ ನಡುವಿನ ವ್ಯತ್ಯಾಸ ಔಷಧದ ಅಂಗಡಿಯವರೆಗೂ ಹೋಗುತ್ತದೆ. ನನ್ನನ್ನು ಸರಿಯಾಗಿಟ್ಟಿರುವ ಮೆಸಲಮೈನ್ ಎಂಬ ಔಷಧ ಕ್ರೋನ್ಸ್‌ಗೆ ಹೆಚ್ಚೇನೂ ಮಾಡುವುದಿಲ್ಲ. ‘ನಿನ್ನ ಮಾತ್ರೆ ಹೆಸರು ಕಳಿಸು’ ಎಂದು ಕೇಳುವವರಿಗೆ ನಾನು ಕಳಿಸದೇ ಇರುವುದು ಅದಕ್ಕೇ.

ಮಲದ ಡಬ್ಬಿಯೋ, ಕ್ಯಾಮೆರಾವೋ?

ಪರೀಕ್ಷೆಗಳಲ್ಲಿ ಮೊದಲು ಅಗ್ಗದವು. ಮಲದಲ್ಲಿ ಅಮೀಬಾ ಇದೆಯಾ, ಬೇರೆ ಸೋಂಕಿದೆಯಾ ನೋಡಬೇಕು. ನಮ್ಮ ಕಡೆ ಆಮಶಂಕೆಗೇನೂ ಬರವಿಲ್ಲವಲ್ಲ. ಜೊತೆಗೆ ರಕ್ತದಲ್ಲಿ ಹಿಮೋಗ್ಲೋಬಿನ್, ಉರಿಯೂತದ ಸುಳಿವು ಕೊಡುವ ಸಿಆರ್‌ಪಿ, ಆಲ್ಬುಮಿನ್ ಎಂಬ ಪ್ರೋಟೀನು. ಸಿಆರ್‌ಪಿ ನಾರ್ಮಲ್ ಬಂತೆಂದು ಖುಷಿಪಡಬೇಡಿ. ಕೊಲೈಟಿಸ್ ಚೆನ್ನಾಗಿ ಉರಿಯುತ್ತಿರುವಾಗಲೂ ಅದು ಕೆಲವರಲ್ಲಿ ಏರುವುದೇ ಇಲ್ಲ.

ನಾನು ಹೆಚ್ಚು ನಂಬುವುದು ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆಯನ್ನು. ಕರುಳಿನಲ್ಲಿ ಉರಿಯೂತವಿದ್ದರೆ ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಅವುಗಳಲ್ಲಿರುವ ಈ ಪ್ರೋಟೀನು ಮಲದಲ್ಲಿ ಹೊರಬರುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಐಬಿಡಿ ಇರುವ ಸಾಧ್ಯತೆ ತೀರ ಕಡಿಮೆ. 250 ದಾಟಿದರೆ ಉರಿಯೂತ ಇರುವ ಸಾಧ್ಯತೆ ಜೋರು. ನಡುವಿನದ್ದು ‘ಇರಬಹುದು, ಇಲ್ಲದಿರಬಹುದು’. ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಖರ್ಚು ಕೆಲವು ಸಾವಿರ ರೂಪಾಯಿ. ಆದರೆ ಘಟ್ಟ ಇಳಿಯಬೇಕಾಗಿಲ್ಲ. ಶಿರಸಿಯಲ್ಲೇ ಸ್ಯಾಂಪಲ್ ಕೊಟ್ಟರೆ ಲ್ಯಾಬಿನವರು ಹೊರಗೆ ಕಳಿಸುತ್ತಾರೆ.

ಡಬ್ಬಿ ಹೆಬ್ಬೆರಳಿನಷ್ಟು. ಮುಚ್ಚಳಕ್ಕೇ ಪುಟ್ಟ ಚಮಚ ಅಂಟಿಕೊಂಡಿರುತ್ತದೆ. ಬೆಳಗ್ಗಿನ ಮೊದಲ ಸಲದ್ದೇ ಒಳ್ಳೆಯದು. ಮೊದಲ ಸಲ ನಾನು ಅದನ್ನು ಕಾಗದದಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಪಕ್ಕದಲ್ಲಿ ಕೂತ ಹಿರಿಯರು ‘ಎಂತದೋ ಅದು, ತುಪ್ಪವಾ?’ ಅಂದರು. ಹೌದು ಅಂದೆ. ಇನ್ನೇನು ಹೇಳುವುದು!

ಒಂದು ಎಚ್ಚರ. ಸೊಂಟನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆ ನುಂಗುತ್ತಿದ್ದರೆ ಈ ಸಂಖ್ಯೆ ಸುಮ್ನೆ ಏರುತ್ತದೆ. ಡಾಕ್ಟರಿಗೆ ಹೇಳಿ, ಮೊದಲೇ ನಿಲ್ಲಿಸಿ. ಐಬಿಡಿ ಇದ್ದವರಿಗೆ ಆ ಗುಳಿಗೆಗಳೇ ಕಾಯಿಲೆ ಕೆರಳಿಸಬಹುದು. ಮತ್ತೆ, ಈ ಪರೀಕ್ಷೆ ಉರಿಯೂತ ಇದೆ ಎನ್ನುತ್ತದೆ, ಯಾಕೆ ಎನ್ನುವುದಿಲ್ಲ. ಸೋಂಕಿನಲ್ಲೂ, ಗಡ್ಡೆಯಿದ್ದಾಗಲೂ ಏರಬಹುದು. ಹಾಗಾಗಿ ಇದು ಕೊಲೊನೊಸ್ಕೋಪಿಗೆ ಬದಲಿಯಲ್ಲ. ಕೊಲೊನೊಸ್ಕೋಪಿ ಬೇಕೇ ಬೇಡವೇ ಎಂದು ಹೇಳುವ ಬಾಗಿಲ ಕಾವಲುಗಾರ.

ಹೆಸರು ಖಚಿತವಾಗುವುದು ಕೊಲೊನೊಸ್ಕೋಪಿಯಲ್ಲೇ. ಇಲ್ಲೂ ಎರಡು ಬಗೆ. ಕೆಲವು ಕಡೆ ಗುದನಾಳ, ಅದರ ಮೇಲಿನ ಸ್ವಲ್ಪ ಭಾಗ ಮಾತ್ರ ನೋಡಿ ಮುಗಿಸುತ್ತಾರೆ. ಮೊದಲ ಸಲ ಪತ್ತೆ ಮಾಡುವಾಗ ಅದು ಸಾಲದು. ದೊಡ್ಡ ಕರುಳು ಪೂರ್ತಿ ದಾಟಿ ಸಣ್ಣ ಕರುಳಿನ ಕೊನೆಯ ತುದಿಯನ್ನೂ ನೋಡಬೇಕು. ಕೆಟ್ಟಲ್ಲಿಂದಲೂ ಚೆನ್ನಾಗಿ ಕಾಣುವಲ್ಲಿಂದಲೂ ಚೂರು ತೆಗೆಯಬೇಕು. ಬುಕ್ ಮಾಡುವ ಮೊದಲೇ ಕೇಳಿ: ‘ಇಲಿಯಂವರೆಗೆ ನೋಡುತ್ತೀರಾ? ಬಯಾಪ್ಸಿ ಎಷ್ಟು ಕಡೆಯಿಂದ?’ ಕೇಳಿದರೆ ಬೇಜಾರು ಮಾಡಿಕೊಳ್ಳುವ ಜಾಗವಾದರೆ ಬೇರೆ ಜಾಗ ಹುಡುಕಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸಣ್ಣ ಕರುಳು ನೋಡಲು ಸಿಟಿ ಎಂಟರೋಗ್ರಫಿ ಬೇಗ ಆಗುತ್ತದೆ, ಆದರೆ ವಿಕಿರಣ ಇದೆ. ಹರೆಯದವರಿಗೆ, ಮತ್ತೆ ಮತ್ತೆ ಮಾಡಿಸಬೇಕಾದವರಿಗೆ ಎಂಆರ್ ಎಂಟರೋಗ್ರಫಿ ವಾಸಿ. ನುಂಗುವ ಕ್ಯಾಮೆರಾ ಗುಳಿಗೆ ಚಂದ, ಆದರೆ ಕರುಳು ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕರುಳಿನ ಅಲ್ಟ್ರಾಸೌಂಡ್‌ಗೆ ಹೊಟ್ಟೆ ಖಾಲಿ ಮಾಡಿಸುವ ಶಿಕ್ಷೆ ಇಲ್ಲ, ವಿಕಿರಣವೂ ಇಲ್ಲ. ಗೋಡೆ 3 ಮಿಲಿಮೀಟರಿಗಿಂತ ದಪ್ಪವಿದೆಯಾ ನೋಡುತ್ತಾರೆ. ಆದರೆ ಅದನ್ನೇ ಕಲಿತ ಕೈ ಬೇಕು. ಎಲ್ಲ ಸ್ಕ್ಯಾನಿಂಗ್ ಸೆಂಟರಿನಲ್ಲೂ ಆಗುವ ಕೆಲಸವಲ್ಲ.

ಟಿಬಿಯೋ, ಕ್ರೋನ್ಸೋ? ಇದೇ ದೊಡ್ಡ ಗಂಟು

ಕುಮಟಾದಲ್ಲಿರುವ ನಮ್ಮ ಭಾವನ ಕಥೆ ಇದು. ಹೊಟ್ಟೆಯ ಬಲಗಡೆ ಕೆಳಗೆ ನೋವು, ಸಂಜೆ ಸಣ್ಣ ಜ್ವರ, ತೂಕ ಇಳಿದು ಅಂಗಿ ಜೋಲಾಡುವುದು. ಕೊಲೊನೊಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಹುಣ್ಣು ಕಂಡಿತು. ಕರುಳಿನ ಕ್ಷಯಕ್ಕೂ ಕ್ರೋನ್ಸ್‌ಗೂ ಪ್ರಿಯವಾದ ಜಾಗ ಅದೇ! ಕ್ಯಾಮೆರಾದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅಮೆರಿಕದ ಡಾಕ್ಟರಿಗೆ ಈ ಪ್ರಶ್ನೆ ಬರುವುದೇ ಅಪರೂಪ. ನಮ್ಮ ದೇಶದಲ್ಲಿ ಇದೇ ಮೊದಲ ಪ್ರಶ್ನೆ.

ತಪ್ಪಿದರೆ ಎರಡೂ ಕಡೆ ಪೆಟ್ಟು. ಟಿಬಿ ಇದ್ದವರಿಗೆ ಕ್ರೋನ್ಸ್ ಎಂದು ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟಿರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟರೆ ಟಿಬಿ ಮೈತುಂಬ ಹರಡಬಹುದು. ಕ್ರೋನ್ಸ್ ಇದ್ದವರಿಗೆ ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿಸಿದರೆ ಲಿವರ್‌ಗೆ ಕಷ್ಟ ಒಂದು ಕಡೆ, ಆ ಹೊತ್ತಿನಲ್ಲಿ ಕರುಳು ಕಿರಿದಾಗುತ್ತಾ ಹೋಗುವುದು ಇನ್ನೊಂದು ಕಡೆ.

ಬಿಡಿಸಲು ಏನೇನಿದೆ? ಬಯಾಪ್ಸಿಯ ಚೂರಿನಲ್ಲಿ ಟಿಬಿಯ ಕೊಳೆತ ಗಂಟುಗಳು ಕಂಡರೆ ಉತ್ತರ ಸಿಕ್ಕಂತೆ. ಕಾಣದಿದ್ದರೆ ಟಿಬಿ ಇಲ್ಲ ಎಂದೇನಲ್ಲ. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ವಾರಗಟ್ಟಲೆ ಬೇಕು. ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್‌ನಂಥ ಯಂತ್ರಗಳು ಬೇಗ ಹೇಳುತ್ತವೆ. ಟ್ರೂನ್ಯಾಟ್ ನಮ್ಮ ಪಕ್ಕದ ಗೋವಾದ ಕಂಪನಿಯದ್ದು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದ್ದು. ಆದರೆ ಕಫದಲ್ಲಿ ಸಿಗುವಷ್ಟು ರೋಗಾಣು ಕರುಳಿನ ಚೂರಿನಲ್ಲಿ ಇರುವುದಿಲ್ಲ. ಪಾಸಿಟಿವ್ ಬಂದರೆ ನಂಬಿ. ನೆಗೆಟಿವ್ ಬಂದರೆ ಹುಡುಕಾಟ ಮುಂದುವರಿಯಬೇಕು.

ಸಿಟಿಯಲ್ಲಿ ಸುಳಿವುಗಳಿವೆ. ಒಳಭಾಗ ಕೊಳೆತ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಕಂಡರೆ ಟಿಬಿಯ ಕಡೆ ತೂಕ. ಕರುಳು ಉದ್ದಕ್ಕೆ ಕೆಟ್ಟಿದ್ದರೆ, ಬಿಟ್ಟುಬಿಟ್ಟು ಕೆಟ್ಟಿದ್ದರೆ ಕ್ರೋನ್ಸ್ ಕಡೆ. ದೆಹಲಿಯ ಏಮ್ಸ್ ತಂಡ ಇದರಲ್ಲಿ ತುಂಬಾ ಕೆಲಸ ಮಾಡಿದೆ. ಹೊಟ್ಟೆಯೊಳಗಿನ ಕೊಬ್ಬು ಮತ್ತು ಚರ್ಮದಡಿಯ ಕೊಬ್ಬು, ಇವೆರಡರ ಅನುಪಾತ ಸಿಟಿಯಲ್ಲಿ ಅಳೆದು ಎರಡೂ ಕಾಯಿಲೆ ಬೇರ್ಪಡಿಸಬಹುದೇ ಎಂದು ನೋಡಿದರು. ಕ್ರೋನ್ಸ್‌ನಲ್ಲಿ ಒಳಕೊಬ್ಬಿನ ಪಾಲು ಜಾಸ್ತಿ ಎಂದು ಕಂಡಿತು. ಕಾಯಿಲೆ ಬಿದ್ದು ಮೈ ಇಳಿದವನ ಕೊಬ್ಬು ಅಳೆಯುವುದು! ಆದರೆ ನಮ್ಮ ದೇಶದ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಹುಡುಕಿದ್ದು ನನಗೆ ಇಷ್ಟವಾಯಿತು.

ಇಷ್ಟಾದರೂ ಬಗೆಹರಿಯದಿದ್ದರೆ ಟಿಬಿ ಔಷಧ ಕೊಟ್ಟು ನೋಡುತ್ತಾರೆ. ಸರ್ಕಾರದ ಕಡೆಯಿಂದ ಗುಳಿಗೆ ಉಚಿತ. ಟಿಬಿ ರೋಗಿ ಎಂದು ದಾಖಲಾದರೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ತಿಂಗಳಿಗೆ 1000 ರೂಪಾಯಿಯೂ ಸಿಗುತ್ತದೆ. ಎರಡು ಮೂರು ತಿಂಗಳಾದ ಮೇಲೆ ಮತ್ತೆ ಕೊಲೊನೊಸ್ಕೋಪಿ. ಹುಣ್ಣು ಮಾಯ್ದಿದ್ದರೆ ಟಿಬಿ, ಕೋರ್ಸ್ ಮುಗಿಸಬೇಕು. ಮಾಯದಿದ್ದರೆ ಕ್ರೋನ್ಸ್ ಎಂದು ದಾರಿ ಬದಲಿಸಬೇಕು.

ಎಡವುವುದು ಇಲ್ಲೇ. ಎರಡು ತಿಂಗಳಿಗೆ ಭಾವನಿಗೆ ಜ್ವರ ಬಿಟ್ಟಿತು, ಹಸಿವಾಯಿತು, ಬಂಗಡೆ ಸಾರು ಹಾಕಿಸಿಕೊಂಡು ಎರಡು ಸಲ ಅನ್ನ ಉಂಡ. ‘ನನಗೆ ಟಿಬಿಯೇ, ಗುಳಿಗೆ ಹಿಡಿಯಿತು, ಮತ್ತೆ ಪೈಪು ಹಾಕಿಸಿಕೊಳ್ಳುವುದಿಲ್ಲ’ ಎಂದು ಹಟ. ಅಕ್ಕನೂ ಅವನ ಪರ. ಕ್ರೋನ್ಸ್ ಇದ್ದವರಲ್ಲೂ ಕೆಲವರಿಗೆ ಟಿಬಿ ಗುಳಿಗೆಯಲ್ಲಿ ಸ್ವಲ್ಪ ದಿನ ಹಾಯೆನಿಸುತ್ತದೆ ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು. ಕ್ಯಾಲ್‌ಪ್ರೊಟೆಕ್ಟಿನ್ ಆದರೂ ಮಾಡಿಸು ಎಂದೆ. ಮೊದಲಿನಷ್ಟೇ ಇತ್ತು, ಒಂಚೂರೂ ಇಳಿದಿರಲಿಲ್ಲ. ಅದನ್ನು ನೋಡಿ ಕೊಲೊನೊಸ್ಕೋಪಿಗೆ ಒಪ್ಪಿದ. ಹುಣ್ಣು ಇದ್ದ ಹಾಗೇ ಇತ್ತು. ಕ್ರೋನ್ಸ್.

ಹುಬ್ಬಳ್ಳಿ, ಮಣಿಪಾಲ, ಗೋವಾ

ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು 2022ರಲ್ಲಿ ಜೋರಾಗಿ ಎದ್ದಿತ್ತು. ಇಂಥ ಕಾಯಿಲೆಯವರಿಗೆ ಆ ಕೂಗಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಸದ್ಯಕ್ಕೆ ದಾರಿಗಳು ಇವು. ಶಿರಸಿ, ಯಲ್ಲಾಪುರ, ಮುಂಡಗೋಡಿನವರಿಗೆ ಹುಬ್ಬಳ್ಳಿ. ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ, ಅದರಾಚೆ ಮಂಗಳೂರು. ಕಾರವಾರ, ಅಂಕೋಲಾದವರಿಗೆ ಗೋವಾ ಹತ್ತಿರ. ಅಲ್ಲಿಗೆ ಹೋಗುವವರು ನಮ್ಮ ರಾಜ್ಯದ ಕಾರ್ಡು ಅಲ್ಲಿ ನಡೆಯುತ್ತದಾ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಕೌಂಟರಿನ ಮುಂದೆ ನಿಂತು ಕೇಳುವ ಪ್ರಶ್ನೆ ಅಲ್ಲ ಅದು.

ಹತ್ತಿರವೋ ದೊಡ್ಡದೋ ಎಂದು ಎರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ. ಹೆಸರು ಪತ್ತೆ ಮಾಡಲು ದೊಡ್ಡ ಜಾಗಕ್ಕೆ ಹೋಗಿ. ಗ್ಯಾಸ್ಟ್ರೋ ಡಾಕ್ಟರು, ಬಯಾಪ್ಸಿ ನೋಡುವ ಪೆಥಾಲಜಿಸ್ಟ್, ರೇಡಿಯಾಲಜಿಸ್ಟ್ ಮೂವರೂ ಒಂದೇ ಸೂರಿನಡಿ ಇರುವುದು ಮುಖ್ಯ. ಆಮೇಲೆ ರಕ್ತಪರೀಕ್ಷೆ, ಕ್ಯಾಲ್‌ಪ್ರೊಟೆಕ್ಟಿನ್, ಡೋಸಿನ ಸಣ್ಣ ಬದಲಾವಣೆ ಊರಿನಲ್ಲೇ ಆಗಲಿ. ಊರಿನ ಫಿಜಿಷಿಯನ್ ಮತ್ತು ಅಲ್ಲಿನ ಡಾಕ್ಟರು ಫೋನಿನಲ್ಲಿ ಮಾತಾಡಲು ಒಪ್ಪಿದರೆ ನಿಮ್ಮ ಅರ್ಧ ಬಸ್ ಚಾರ್ಜು ಉಳಿಯಿತು. ನಾನು ವರ್ಷಕ್ಕೆ ಎರಡೇ ಸಲ ಹೊರಗೆ ಹೋಗುವುದು.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಕಾಗದ ಮಾತ್ರ ಒಯ್ಯಬೇಡಿ. ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡು ಕೇಳಿ ಪಡೆಯಿರಿ. ಸಿಟಿಯ ಸಿಡಿ ಇರಲಿ. ಬ್ಲಾಕ್ ಇದ್ದರೆ ಹೊಸ ಡಾಕ್ಟರು ಅದರಿಂದಲೇ ಹೊಸ ಸ್ಲೈಡು ಮಾಡಿಸಿ ನೋಡಬಹುದು. ಮತ್ತೆ ಪೈಪು ಹಾಕಿಸಿಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.

ಇನ್ನೊಂದು ಮಾತು, ಯಾವ ಆಸ್ಪತ್ರೆಯ ಚೀಟಿಯಲ್ಲೂ ಇರುವುದಿಲ್ಲ. ಕೊಲೊನೊಸ್ಕೋಪಿಗೆ ಹೊಟ್ಟೆ ಖಾಲಿ ಮಾಡುವ ಪುಡಿಯನ್ನು ನೀರಿಗೆ ಬೆರೆಸಿ ಮನೆಯಲ್ಲೇ ಕುಡಿದು ಬಸ್ ಹತ್ತಬೇಡಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಡ್ರೈವರ್ ಎಲ್ಲಿ ಅಂತ ನಿಲ್ಲಿಸುತ್ತಾನೆ? ಹಿಂದಿನ ದಿನವೇ ಹೋಗಿ, ಸಂಡಾಸು ಇರುವ ರೂಮು ಹಿಡಿದು, ಅಲ್ಲಿ ಕುಡಿಯಿರಿ. ನಾನು ಕಲಿತದ್ದು ಅನುಭವದಿಂದ. ಹೆಚ್ಚು ಹೇಳುವುದಿಲ್ಲ.

ಔಷಧಗಳಲ್ಲಿ ಯಾವುದು?

ಕೊಲೈಟಿಸ್ ಸಾಧಾರಣ ಮಟ್ಟದ್ದಾದರೆ ಮೆಸಲಮೈನ್‌ನಿಂದ ಶುರು. ಅದರ ಅಣ್ಣ ಸಲ್ಫಾಸಲಝೈನ್. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ತಯಾರಿಸಲು ಹೊರಟದ್ದು, ಕರುಳಿಗೆ ಕೆಲಸಕ್ಕೆ ಬಂತು. ಹಳೆಯದು ಅಗ್ಗ, ಗಂಟುನೋವೂ ಇದ್ದವರಿಗೆ ಒಳ್ಳೆಯದು. ಆದರೆ ತಲೆನೋವು, ವಾಕರಿಕೆ ಜಾಸ್ತಿ. ಮೆಸಲಮೈನ್ ಮೈಗೆ ಹಿತ.

ಗುಳಿಗೆಯೋ, ಎನಿಮಾವೋ? ಎನಿಮಾ ಅಂದರೆ ನಮ್ಮವರು ಮುಖ ತಿರುಗಿಸುತ್ತಾರೆ. ನಾನೂ ಒಂದು ವರ್ಷ ಬೇಡ ಅಂದಿದ್ದೆ. ಕಾಯಿಲೆ ಗುದನಾಳದ ಸುತ್ತಲೇ ಇದ್ದರೆ ಒಳಗಿಡುವ ಸಪೊಸಿಟರಿ ಬರೀ ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎಡಭಾಗದವರೆಗೂ ಹರಡಿದ್ದರೆ ಗುಳಿಗೆ ಮತ್ತು ಎನಿಮಾ ಎರಡೂ ಸೇರಿದರೆ ಒಂದೊಂದಕ್ಕಿಂತ ಮೇಲು. ಬೆಂಕಿ ಹತ್ತಿದ ಜಾಗಕ್ಕೇ ನೀರು ಬೀಳುತ್ತದಲ್ಲ. ರಾತ್ರಿ ಮಲಗುವ ಮುಂಚೆ, ಹಳೆ ಪಂಚೆ ಹಾಸಿ, ಎಡಮಗ್ಗುಲಾಗಿ ಮಲಗಿ, ಬಾಟಲಿಯನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ಜನವರಿಯ ಶಿರಸಿ ಚಳಿಯಲ್ಲಿ ಇದನ್ನು ಮರೆತರೆ ಮರುದಿನ ಮರೆಯುವುದಿಲ್ಲ.

ಸ್ಟಿರಾಯ್ಡ್ ಬಗ್ಗೆ ಎರಡು ಅತಿ ಇವೆ. ಒಬ್ಬರು ವಿಷ ಅನ್ನುತ್ತಾರೆ, ಇನ್ನೊಬ್ಬರು ಬಿಡುವುದೇ ಇಲ್ಲ. 1955ರಲ್ಲಿ ಇಂಗ್ಲೆಂಡಿನ ಟ್ರೂಲವ್ ಮತ್ತು ವಿಟ್ಸ್ ಕಾರ್ಟಿಸೋನ್ ಕೊಟ್ಟು ಮಾಡಿದ ಪ್ರಯೋಗ ಕೊಲೈಟಿಸ್ ರೋಗಿಗಳ ಪಾಲಿಗೆ ದೊಡ್ಡ ತಿರುವು. ಜೋರಾಗಿ ಕೆರಳಿದಾಗ ಅದು ಜೀವ ಉಳಿಸುತ್ತದೆ. ಆದರೆ ಅದು ‘ಆರಾಮ’ದ ರಾಜ. ಮೂರೇ ದಿನದಲ್ಲಿ ಹಸಿವು, ಹುರುಪು, ನಿಂತ ಬೇಧಿ. ಕಾಯಿಲೆಯನ್ನು ವರ್ಷಗಟ್ಟಲೆ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಉಳಿಯುವುದು ಊದಿದ ಮುಖ, ಸಕ್ಕರೆ ಕಾಯಿಲೆ, ಟೊಳ್ಳು ಮೂಳೆ. ಡಾಕ್ಟರು ಹೇಳಿದ ಹಾಗೆ ವಾರವಾರ ಇಳಿಸುತ್ತಾ ನಿಲ್ಲಿಸಬೇಕು. ಫಕ್ಕನೆ ಬಿಡಲೂಬಾರದು, ಅದೇ ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಲೂಬಾರದು. ವರ್ಷಕ್ಕೆ ಎರಡು ಸಲ ಸ್ಟಿರಾಯ್ಡ್ ಬೇಕಾಗುತ್ತಿದ್ದರೆ ಮೂಲ ಔಷಧ ಸಾಲುತ್ತಿಲ್ಲ ಎಂದೇ ಅರ್ಥ.

ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವ ಅಝಥಯೋಪ್ರಿನ್ ನಿಧಾನದ್ದು. ಕೆಲಸ ಶುರುಮಾಡಲು ಎರಡು ಮೂರು ತಿಂಗಳು ಬೇಕು. ಅಗ್ಗ, ಗುಳಿಗೆ, ಊರಿನಲ್ಲೇ ಸಿಗುತ್ತದೆ. ಇದರಲ್ಲಿ ನಮ್ಮ ರಕ್ತಕ್ಕೆ ಸಂಬಂಧಿಸಿದ ಒಂದು ಸಂಶೋಧನೆ ಇದೆ. ಪಶ್ಚಿಮದವರಲ್ಲಿ ಈ ಔಷಧ ಮೈಗೆ ಆಗದಿರುವುದಕ್ಕೆ ಟಿಪಿಎಂಟಿ ಎಂಬ ಜೀನ್ ಮುಖ್ಯ ಕಾರಣವಾದರೆ, ಏಷ್ಯಾದವರಲ್ಲಿ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸ ಹೆಚ್ಚು. ಅಂಥವರಿಗೆ ಬಿಳಿ ರಕ್ತಕಣ ಒಮ್ಮೆಲೇ ಕುಸಿಯಬಹುದು, ಕೂದಲೂ ಉದುರಬಹುದು. ಸಾಧ್ಯವಾದರೆ ಈ ಜೀನಿನ ಪರೀಕ್ಷೆ ಮಾಡಿಸಿ, ಆಗದಿದ್ದರೆ ಶುರುವಿನ ವಾರಗಳಲ್ಲಿ ಮತ್ತೆ ಮತ್ತೆ ರಕ್ತದ ಎಣಿಕೆ ತಪ್ಪಿಸಬೇಡಿ.

ಇನ್ನು ಬಯಾಲಜಿಕ್, ಅಂದರೆ ಜೀವಕೋಶಗಳಿಂದ ತಯಾರಿಸುವ ಇಂಜೆಕ್ಷನ್ನುಗಳು. ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆಂದು ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಳ್ಳಬೇಕು: ಮೊದಲ ಡೋಸ್, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ. ಅಡಲಿಮುಮ್ಯಾಬ್ ಮನೆಯಲ್ಲೇ ಚುಚ್ಚಿಕೊಳ್ಳುವಂಥದ್ದು, ಎರಡು ವಾರಕ್ಕೊಮ್ಮೆ. ಅದರ ಜಗತ್ತಿನ ಮೊದಲ ಬಯೋಸಿಮಿಲರ್ (ಬೇರೆ ಕಂಪನಿ ಮಾಡುವ, ಅದರಂತೆಯೇ ಕೆಲಸ ಮಾಡುವ ಔಷಧ) ಬಂದದ್ದು ನಮ್ಮ ದೇಶದಲ್ಲೇ, 2014ರಲ್ಲಿ ಝೈಡಸ್ ಕಂಪನಿಯಿಂದ. ಹಾಗಾಗಿ ಬೆಲೆ ಇಳಿದಿದೆ. ಮನೆಯದ್ದೇ ವಾಸಿ ಅನಿಸುತ್ತದೆ, ಅಲ್ವಾ? ಆದರೆ ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಹಳ್ಳಿಯಲ್ಲಿ ಫ್ರಿಜ್ ಎಂದರೆ ಬೀರುವಿಗೆ ಸಮ. ನನಗೆ ಗೊತ್ತಿರುವ ಒಬ್ಬರು ಪೇಟೆಯ ಔಷಧದ ಅಂಗಡಿಯ ಫ್ರಿಜ್‌ನಲ್ಲೇ ಇಡಿಸಿ, ಡೋಸಿನ ದಿನ ಥರ್ಮಾಸಿನಲ್ಲಿ ತರುತ್ತಾರೆ.

ಎರಡರಲ್ಲಿ ಯಾವುದನ್ನು ಶುರುಮಾಡುವ ಮೊದಲೂ ಮೈಯಲ್ಲಿ ಅಡಗಿದ ಟಿಬಿ ಇದೆಯಾ ಎಂದು ಎದೆಯ ಎಕ್ಸ್‌ರೇ, ಜೊತೆಗೆ ಚರ್ಮಕ್ಕೆ ಚುಚ್ಚಿ ನೋಡುವ ಮ್ಯಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ ಆಗಬೇಕು. ಹೆಪಟೈಟಿಸ್ ಬಿ ಕೂಡ. ಇದನ್ನು ಮಾಡದೆ ಶುರುಮಾಡೋಣ ಅಂದರೆ ಎದ್ದು ಬನ್ನಿ.

ಬೇಗ ಶುರುಮಾಡಬೇಕಾ, ಕಡೆಯ ಅಸ್ತ್ರ ಎಂದು ಇಟ್ಟುಕೊಳ್ಳಬೇಕಾ? ನಾನು ಎರಡನೆಯದೇ ಸರಿ ಎಂದುಕೊಂಡಿದ್ದೆ. ಬ್ರಿಟನ್ನಿನ ಪ್ರೊಫೈಲ್ ಎಂಬ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಜನ. ಅರ್ಧ ಜನಕ್ಕೆ ಮೊದಲೇ ಇನ್‌ಫ್ಲಿಕ್ಸಿಮ್ಯಾಬ್ ಜೊತೆ ಅಝಥಯೋಪ್ರಿನ್‌ನಂಥ ಗುಳಿಗೆ, ಉಳಿದವರಿಗೆ ಮೆಟ್ಟಿಲುಮೆಟ್ಟಿಲಾಗಿ. 48 ವಾರದ ಹೊತ್ತಿಗೆ ಸ್ಟಿರಾಯ್ಡ್, ಆಪರೇಷನ್ ಇಲ್ಲದೆ ಚೆನ್ನಾಗಿದ್ದವರು ಮೊದಲ ಗುಂಪಿನಲ್ಲಿ 79 ಶೇಕಡಾ, ಎರಡನೆಯದರಲ್ಲಿ 15 ಶೇಕಡಾ. ಭಾವನ ವಿಷಯದಲ್ಲಿ ನಾವು ಕಾಯಲಿಲ್ಲ. ಖರ್ಚಿಗೆ ಅವನು ಹಳೇ ಬೋಟಿನ ಪಾಲು ಮಾರಿದ. ಸುಲಭದ ನಿರ್ಧಾರವಾಗಿರಲಿಲ್ಲ.

ಸಣ್ಣ ಕರುಳಿನ ಕೊನೆಯ ತುದಿಯಲ್ಲಿ ಮಾತ್ರ, ಅಂಗೈಯಗಲ ಜಾಗದಲ್ಲಿ ಕ್ರೋನ್ಸ್ ಇದ್ದರೆ ಆಪರೇಷನ್ನೂ ಸೋಲಲ್ಲ. ಲಿರಿಕ್ ಎಂಬ ಯುರೋಪಿನ ಅಧ್ಯಯನದಲ್ಲಿ (2017) ಆ ತುಂಡು ತೆಗೆಸಿಕೊಂಡವರ ಬದುಕಿನ ಗುಣಮಟ್ಟ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡವರಿಗಿಂತ ಕಡಿಮೆಯೇನೂ ಇರಲಿಲ್ಲ. ಎಂಟು ವಾರಕ್ಕೊಮ್ಮೆ ಘಟ್ಟ ಇಳಿಯಲು ಆಗದವರು ಇದನ್ನು ಕೇಳಿನೋಡಬೇಕು. ಕಾಯಿಲೆ ಮತ್ತೆ ಬರಬಹುದು, ಅದನ್ನೂ ತಿಳಿದುಕೊಂಡೇ.

ಕೊಲೈಟಿಸ್‌ನವರಿಗೆ ವೆಡೊಲಿಝುಮ್ಯಾಬ್ ಎಂಬ ಇನ್ನೊಂದು ಬಯಾಲಜಿಕ್ ಇದೆ. ಕರುಳಿನಲ್ಲೇ ಹೆಚ್ಚಾಗಿ ಕೆಲಸ ಮಾಡುವುದರಿಂದ ಸೋಂಕಿನ ಭಯ ಕಡಿಮೆ. 2019ರ ವಾರ್ಸಿಟಿ ಅಧ್ಯಯನದಲ್ಲಿ ಅದನ್ನು ಅಡಲಿಮುಮ್ಯಾಬ್ ಎದುರು ನಿಲ್ಲಿಸಿದರು. ವರ್ಷದ ಕೊನೆಗೆ ಗುಣ ಕಂಡವರು 31.3 ಶೇಕಡಾ ಮತ್ತು 22.5 ಶೇಕಡಾ. ಗೆದ್ದದ್ದು ಹೌದು, ಆದರೆ ಗೆದ್ದವನಿಗೂ ಮೂರರಲ್ಲಿ ಒಂದೇ ಅಂಕ. ಟೊಫಾಸಿಟಿನಿಬ್ ಗುಳಿಗೆಯ ಜನರಿಕ್ ಇಲ್ಲಿ ಅಗ್ಗಕ್ಕೆ ಸಿಗುತ್ತದೆ, ಫ್ರಿಜ್ ಬೇಡ, ಬೇಗ ಹಿಡಿಯುತ್ತದೆ. ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ವಯಸ್ಸಾದವರು, ಹೃದಯದ ತೊಂದರೆ ಇದ್ದವರು, ಬೀಡಿ ಸೇದುವವರು ಎರಡು ಸಲ ಯೋಚಿಸಬೇಕು. ಮಗು ಬೇಕೆಂದಿರುವ ಹೆಣ್ಣುಮಕ್ಕಳಿಗೆ ಇದು ಬೇಡ.

ಅರಿಶಿನ, ತಂಬುಳಿ

ಕೇಳಿಯೇ ಕೇಳುತ್ತಾರೆ, ಹೇಳಿಬಿಡುತ್ತೇನೆ. ಅರಿಶಿನದ ಕರ್ಕ್ಯುಮಿನ್ ಬಗ್ಗೆ ನಿಜವಾದ ಪ್ರಯೋಗಗಳು ನಡೆದಿವೆ. 2015ರಲ್ಲಿ ಪ್ರಕಟವಾದ ಒಂದರಲ್ಲಿ ಮೆಸಲಮೈನ್ ಜೊತೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ಸಾಧಾರಣ ಕೊಲೈಟಿಸ್‌ನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸುಧಾರಿಸಿದರು. ಇದ್ದದ್ದು 50 ಜನ ಮಾತ್ರ. ಏಮ್ಸ್‌ನವರು ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ನೋಡಿದರು, ಉಪಯೋಗ ಕಾಣಲಿಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. 3 ಗ್ರಾಂ ಬೇಕೆಂದರೆ ದಿನಕ್ಕೆ 100 ಗ್ರಾಂ ಅರಿಶಿನ ತಿನ್ನಬೇಕು! ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಕುಡಿಯಿರಿ, ಬೇಡ ಅನ್ನುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಡಿ. ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನ ಗುಳಿಗೆಗಳಿಂದ ಲಿವರ್ ಕೆಟ್ಟ ವರದಿಗಳಿವೆ, ಡಾಕ್ಟರಿಗೆ ಹೇಳದೆ ಬೇಡ.

ಕೊಡಸಿಗೆಯ ಕಷಾಯ ಆಮಶಂಕೆಗೆ ನಮ್ಮ ಅಜ್ಜಿಯ ಮದ್ದು. ಐಬಿಡಿಗೆ ಅಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ ಮೂರೇ ದಿನದಲ್ಲಿ ಪವಾಡ ಮಾಡಿದರೆ ಒಳಗೆ ಸ್ಟಿರಾಯ್ಡ್ ಇದೆಯಾ ಎಂದು ಅನುಮಾನಪಡಿ. ಹಾಗೆ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಊಟಕ್ಕೆ ಬಂದರೆ, ಕೆರಳಿದ ದಿನಗಳಲ್ಲಿ ನನಗೆ ಹಿಡಿಸುವುದು ಗಂಜಿ, ಮಜ್ಜಿಗೆ, ಒಂದೆಲಗದ ತಂಬುಳಿ. ಹಲಸಿನಕಾಯಿ ಹುಳಿ ಉಂಡರೆ ರಾತ್ರಿ ಜಾಗರಣೆ. ಭಾವನಿಗೆ ಕರುಳು ಸ್ವಲ್ಪ ಕಿರಿದಾಗಿರುವುದರಿಂದ ನಾರು, ಸಿಪ್ಪೆ, ಬೀಜ ಬೇಡ ಎಂದಿದ್ದಾರೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಲೇಬೇಕೆಂದಿಲ್ಲ. ಏಮ್ಸ್‌ನವರು 2022ರಲ್ಲಿ ಆರೋಗ್ಯವಂತ ಹಳ್ಳಿಗರ ಮಲವನ್ನು ರೋಗಿಗಳ ಕರುಳಿಗೆ ಸೇರಿಸಿ, ಜೊತೆಗೆ ಉರಿಯೂತ ತಗ್ಗಿಸುವ ಆಹಾರ ಕೊಟ್ಟು ಒಳ್ಳೆಯ ಫಲ ಕಂಡರು. ಹಳ್ಳಿಯವರ ಹೊಟ್ಟೆಗೂ ಒಂದು ಬೆಲೆ ಬಂತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಹೋಲಿಸುತ್ತಾ ಕೂರಬಾರದ ರಾತ್ರಿ

ಕೊಲೈಟಿಸ್ ಇದ್ದವರಿಗೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತದ ಬೇಧಿ, ಜೊತೆಗೆ ಜ್ವರ ಅಥವಾ ನಾಡಿ 90 ದಾಟಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಡುತ್ತಾರೆ. ಮೂರನೇ ದಿನ ಸ್ಥಿತಿ ನೋಡಿ ಮುಂದಿನದನ್ನು ತೀರ್ಮಾನಿಸುತ್ತಾರೆ. ಔಷಧ ಬದಲಿಸಬೇಕೋ, ದೊಡ್ಡ ಕರುಳು ತೆಗೆಯಬೇಕೋ ಎಂಬ ಮಾತು ಬರುವುದು ಆಗಲೇ. ಹಾಗಾಗಿ ಇಂಥ ಹೊತ್ತಿನಲ್ಲಿ ಸರ್ಜನ್ ಇರುವ ಆಸ್ಪತ್ರೆಗೇ ಹೋಗಬೇಕು. ಲುಧಿಯಾನದ ವೈದ್ಯರು 104 ಜನರ ಮೇಲೆ ಮಾಡಿದ ಟ್ಯಾಕೋಸ್ ಎಂಬ ಪ್ರಯೋಗದಲ್ಲಿ ಸ್ಟಿರಾಯ್ಡ್ ಜೊತೆ ಟೊಫಾಸಿಟಿನಿಬ್ ಸೇರಿಸಿದವರಲ್ಲಿ ಏಳನೇ ದಿನಕ್ಕೆ 83 ಶೇಕಡಾ ಜನ ಸುಧಾರಿಸಿದರು, ಬರೀ ಸ್ಟಿರಾಯ್ಡಿನಲ್ಲಿ ಸುಮಾರು 59. ಅಲ್ಲಿನ ಡಾಕ್ಟರಿಗೆ ಇದನ್ನು ಕೇಳಬಹುದು.

ನನ್ನ ಫೈಲು ನಡುಮನೆಯ ಬಾಗಿಲ ಹಿಂದೆ, ಮೊಳೆಗೆ ಸಿಕ್ಕಿಸಿದ ಚೀಲದಲ್ಲಿದೆ. ಮೇಲಿನ ಹಾಳೆಯಲ್ಲಿ ಕಾಯಿಲೆಯ ಹೆಸರು, ಈಗಿನ ಔಷಧ, ಕೊನೆಯ ಮೂರು ಕ್ಯಾಲ್‌ಪ್ರೊಟೆಕ್ಟಿನ್ ಸಂಖ್ಯೆ, ಆಗದ ಗುಳಿಗೆಗಳು, ಡಾಕ್ಟರ ಫೋನ್ ನಂಬರು. ಕಾಯಿಲೆ ಶುರುವಾಗಿ ಎಂಟು ವರ್ಷ ಕಳೆದವರಿಗೆ ಕ್ಯಾನ್ಸರ್ ನೋಡಲೆಂದು ಮಾಡುವ ಕೊಲೊನೊಸ್ಕೋಪಿ ಕಳೆದ ವರ್ಷ ಮುಗಿಯಿತು, ಅದರ ತಾರೀಖೂ ಇದೆ. ರಾತ್ರಿ ಎರಡು ಗಂಟೆಗೆ ಜೀಪು ಬಂದರೆ ಆ ಚೀಲ ತೆಗೆದುಕೊಂಡು ಹತ್ತಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಂಟು ವರ್ಷದ ಮಗಳಿಗೂ.